ರಕ್ಷಣೆಯೆಂದರೆ ಬಾಗಿಲು ಮುಚ್ಚುವುದೇ?

ಕೊಲ್ಲಿ ರಾಷ್ಟ್ರಕ್ಕೆ ಮನೆಗೆಲಸಕ್ಕೆಂದು ಹೋದ ಮಹಿಳೆ ಸಂಬಳವಿಲ್ಲದೆ, ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ ಸಿಲುಕಿ ಒದ್ದಾಡುವ ಸುದ್ದಿ ಬಂದಾಗಲೆಲ್ಲ ನಾವು ಮರುಗುತ್ತೇವೆ, ಏಜೆಂಟನನ್ನು ಶಪಿಸುತ್ತೇವೆ, ಸರಕಾರ ಏನು ಮಾಡುತ್ತಿದೆಯೆಂದು ಕೇಳುತ್ತೇವೆ. ಸರಕಾರ ಏನೂ ಮಾಡಿಲ್ಲವೆಂದಲ್ಲ. ಆದರೆ ಮಾಡಿದ್ದರಲ್ಲಿ ಆಕೆಯ ಹಕ್ಕನ್ನು ಕಾಯುವುದೆಷ್ಟು, ಆಕೆಯನ್ನೇ ತಡೆಯುವುದೆಷ್ಟು ಎಂಬುದು ನಮ್ಮ ಪ್ರಶ್ನೆ.

1983ರ ವಲಸೆ ಕಾಯಿದೆಯಡಿ, ಹತ್ತನೇ ತರಗತಿ ದಾಟದವರು ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಹೊಂದಿರುತ್ತಾರೆ. ಕೊಲ್ಲಿಯ ಆರು ರಾಷ್ಟ್ರಗಳೂ ಸೇರಿದಂತೆ ಪಟ್ಟಿಯಲ್ಲಿರುವ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅವರು ಸರಕಾರದ ಅನುಮತಿ ಪಡೆಯಬೇಕು. ಮಹಿಳೆಯಾದರೆ 30 ವರ್ಷ ತುಂಬಿರಲೂಬೇಕು. 2016ರಲ್ಲಿ ಇಂಥ ಮಹಿಳೆಯರ ನೇಮಕಾತಿಯನ್ನು ಸರಕಾರಿ ಏಜೆನ್ಸಿಗಳಿಗೆ ವಹಿಸಲಾಯಿತು. ಮನೆಗೆಲಸದವಳನ್ನು ಕರೆಸಿಕೊಳ್ಳುವ ವಿದೇಶಿ ಮಾಲೀಕ 2,500 ಡಾಲರ್ ಬ್ಯಾಂಕ್ ಗ್ಯಾರಂಟಿ ಇಡಬೇಕೆಂಬ ಷರತ್ತೂ ಇತ್ತು. ಕುವೈತ್ ಇದಕ್ಕೆ ಒಪ್ಪಲಿಲ್ಲ. 2017ರಲ್ಲಿ ಆ ದೇಶದ ಮಟ್ಟಿಗೆ ಷರತ್ತನ್ನು ಕೈಬಿಡಲಾಯಿತು.

ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹಸಿವು 30 ತುಂಬುವವರೆಗೆ ಕಾಯುತ್ತದೆಯೇ? ನಮ್ಮ ಕರಾವಳಿಯ ಗಂಡುಮಕ್ಕಳು ಇಪ್ಪತ್ತರ ಹರೆಯದಲ್ಲೇ ದುಬೈ, ದಮಾಮ್‌ಗೆ ಹೊರಟರು. ಅವರಿಗೆ ಇಂಥ ವಯೋಮಿತಿ ಅಡ್ಡ ಬರಲಿಲ್ಲ. ಇಬ್ಬರು ಮಕ್ಕಳನ್ನು ಸಾಕಬೇಕಾದ 25ರ ತಾಯಿಗೆ ಮಾತ್ರ ಕಾನೂನು 'ನೀನು ಹೋಗಬೇಡ' ಎನ್ನುತ್ತದೆ. ಆಗ ಏಜೆಂಟ್ ಬರುತ್ತಾನೆ, ವಿಸಿಟ್ ವೀಸಾ ಹಿಡಿದುಕೊಂಡು. ವಿಮಾನ ನಿಲ್ದಾಣದಲ್ಲಿ ಆಕೆ ಪ್ರವಾಸಿ, ಇಳಿದ ಮೇಲೆ ಕೆಲಸದಾಳು. ಕರಾರಿಲ್ಲ, ವಿಮೆಯಿಲ್ಲ, ಕೆಲಸಕ್ಕೆ ಬಂದವಳೆಂಬ ದಾಖಲೆಯೂ ಇಲ್ಲ. ನಿಯಮ ಮುರಿದು ಬಂದವಳೆಂಬ ಭಯದಲ್ಲಿ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಲೂ ಅಂಜುತ್ತಾಳೆ. ನೇಪಾಳ 2012ರಲ್ಲಿ 30ರೊಳಗಿನ ಮಹಿಳೆಯರು ಕೊಲ್ಲಿಗೆ ಮನೆಗೆಲಸಕ್ಕೆ ಹೋಗುವುದನ್ನು ನಿಷೇಧಿಸಿದಾಗಲೂ ಆದದ್ದು ಇದೇ. ಅವರು ಹೋಗುವುದು ನಿಲ್ಲಲಿಲ್ಲ. ಭಾರತದ ದಾರಿ ಹಿಡಿದು ಕದ್ದು ಹೋದರು.

ಸಂಕಷ್ಟದಲ್ಲಿರುವವರ ನೆರವಿಗೆ 2009ರ ಭಾರತೀಯ ಸಮುದಾಯ ಕಲ್ಯಾಣ ನಿಧಿ, ದೂರು ದಾಖಲಿಸಲು 2015ರ 'ಮದದ್', ಅನುಮತಿ ಪಡೆದು ಹೋದವರಿಗೆ 10 ಲಕ್ಷ ರೂಪಾಯಿಯ ವಿಮೆ, ಇವೆಲ್ಲ ಮೆಚ್ಚತಕ್ಕವೇ. ಆದರೆ ವಿಮೆ ಕಾನೂನಿನ ಬಾಗಿಲಿಂದ ಹೋದವಳಿಗೆ ಮಾತ್ರ. ಉಳಿದ ನೆರವು ತಲಪುವುದು ಅನಾಹುತ ನಡೆದ ಮೇಲೆ.

ಫಿಲಿಪೈನ್ಸ್‌ನಲ್ಲೂ ವಯೋಮಿತಿಯಿದೆ. ಆದರೆ ಆ ದೇಶ ಅಲ್ಲಿಗೇ ನಿಲ್ಲಲಿಲ್ಲ. 2006ರಲ್ಲಿ ತನ್ನ ಮನೆಗೆಲಸದ ಮಹಿಳೆಯರಿಗೆ ತಿಂಗಳಿಗೆ ಕನಿಷ್ಠ 400 ಡಾಲರ್ ಸಂಬಳವೆಂದು ನಿಗದಿಪಡಿಸಿ, ನೇಮಕಾತಿ ಶುಲ್ಕವನ್ನು ಅವರಿಂದ ವಸೂಲಿ ಮಾಡಬಾರದೆಂದಿತು. ಮನೆಗೆಲಸದವರ ಹಕ್ಕುಗಳ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆಯನ್ನು 2012ರಲ್ಲೇ ಅನುಮೋದಿಸಿತು. 2011ರಲ್ಲಿ ಅದರ ಪರ ಮತ ಹಾಕಿದ್ದ ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಕರೆಸಿಕೊಳ್ಳುವ ದೇಶಗಳನ್ನೂ ನಾವು ಬಿಡಲಾಗದು. ಕಫಾಲ ಎಂಬ ಅರಬಿ ಪದಕ್ಕೆ ಹೊಣೆ ಹೊರುವುದೆಂದೇ ಅರ್ಥ. ಆ ಹೆಸರಿನ ವ್ಯವಸ್ಥೆ ಬಡ ಹೆಣ್ಣನ್ನು ಮಾಲೀಕನ ಮರ್ಜಿಗೆ ಕಟ್ಟಿಹಾಕುವಂತಾದದ್ದು ದೊಡ್ಡ ವಿಪರ್ಯಾಸ. ಕುವೈತ್ 2015ರಲ್ಲಿ ವಾರದ ರಜೆ, ವಾರ್ಷಿಕ ರಜೆ, ದುಡಿಮೆಯ ಗಂಟೆಗಳ ಮಿತಿ ಇರುವ ಕಾಯಿದೆ ತಂದದ್ದು ಸ್ವಾಗತಾರ್ಹ. ಆದರೆ 2021ರಲ್ಲಿ ಸೌದಿ ಅರೇಬಿಯಾ ಕಾರ್ಮಿಕರಿಗೆ ಕೆಲಸ ಬದಲಿಸುವ ಅವಕಾಶ ಕೊಟ್ಟಾಗ ಮನೆಗೆಲಸದವರನ್ನು ಹೊರಗಿಟ್ಟಿತು.

ಇದನ್ನು ಪ್ರಶ್ನಿಸುವ ನೈತಿಕ ಬಲ ನಮಗಿದೆಯೇ? ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿತ್ತು. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ ವಾರದ ರಜೆ ಉಂಟೇ? ಮನೆಗೆಲಸದವರಿಗಾಗಿ ಕಾನೂನಿನ ಚೌಕಟ್ಟು ರೂಪಿಸುವ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸಿರೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಬೇಕಾಯಿತು.

ನಾವು ಕೇಳುವುದು ಹೆಚ್ಚೇನಲ್ಲ. ಆಕೆಯ ಭಾಷೆಯಲ್ಲೇ ಬರೆದ ಕರಾರು, ಆಕೆಯ ಹೆಸರಿನ ಬ್ಯಾಂಕ್ ಖಾತೆಗೆ ಸಂಬಳ, ಆಕೆಯ ಕೈಯಲ್ಲೇ ಪಾಸ್‌ಪೋರ್ಟ್, ಕರೆದರೆ ಓಗೊಡುವ ರಾಯಭಾರ ಕಚೇರಿ. ಇಷ್ಟನ್ನು ಖಾತ್ರಿಪಡಿಸಲಾಗದೆ ವಯಸ್ಸು ಎಣಿಸುತ್ತ ಕೂರುವುದು ಹೊಣೆಗಾರಿಕೆಯಲ್ಲ, ಹೊಣೆಯಿಂದ ಜಾರಿಕೊಳ್ಳುವುದು.