ಆರ್‌ಪಿಎಂ ಇಳಿದಷ್ಟೂ ಮೈಲೇಜು ಏರುವುದೆ? – ಒಂದು ಪ್ರಚಲಿತ ಸೂತ್ರದ ವಿಮರ್ಶೆ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರ ಅಂಗಳದಲ್ಲಿ ಬೊಲೆರೊ, ಸ್ಕಾರ್ಪಿಯೊಗಳಂತಹ ಎಸ್‌ಯುವಿ ಗಾಡಿಗಳು ಈಗ ಟ್ರ್ಯಾಕ್ಟರಿನಷ್ಟೇ ಸಹಜವಾಗಿ ನಿಂತಿರುತ್ತವೆ. ಇವನ್ನು ಓಡಿಸುವವರ ನಡುವೆ ಒಂದು ಸೂತ್ರ ಬಹಳ ಪ್ರಚಲಿತ: 'ಮುಳ್ಳು ಎರಡು ಸಾವಿರ ದಾಟಬಾರದು, ಆರ್‌ಪಿಎಂ ಇಳಿದಷ್ಟೂ ಮೈಲೇಜು ಏರುತ್ತದೆ.' ಚಾಲಕರ ಮಾತಾಗಿ ಉಳಿದಿದ್ದರೆ ಇದನ್ನು ವಿಮರ್ಶಿಸುವ ಅಗತ್ಯ ಇರಲಿಲ್ಲ. ಆದರೆ ಇದೇ ಮಾತು ವಿದ್ಯಾರ್ಥಿಗಳ ಯೋಜನಾ ವರದಿಗಳಲ್ಲಿ 'ಎಂಜಿನ್ನಿನ ವೇಗ ಮತ್ತು ಇಂಧನ ಮಿತವ್ಯಯ ವಿಲೋಮಾನುಪಾತದಲ್ಲಿವೆ' ಎಂಬ ನಿಯಮದ ವೇಷ ತೊಟ್ಟು ಬರುತ್ತದೆ. ಅಧ್ಯಾಪಕರು ಅದಕ್ಕೆ ಅಂಕ ಕೊಡುತ್ತಾರೆ. ಆದ್ದರಿಂದ ಸೂತ್ರದಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಎಂದು ಲೆಕ್ಕ ಹಾಕಿಯೇ ನೋಡಬೇಕು.

ಮೊದಲು ಹುರುಳಿನ ಭಾಗ. ಎಂಜಿನ್ ತಿರುಗುವಾಗ ಪಿಸ್ಟನ್ ಉಂಗುರಗಳು ಸಿಲಿಂಡರಿನ ಗೋಡೆಯನ್ನು ಉಜ್ಜುತ್ತವೆ, ಬೇರಿಂಗುಗಳಲ್ಲಿ ಎಣ್ಣೆ ಕಡೆಯಲ್ಪಡುತ್ತದೆ, ಕವಾಟಗಳು, ಎಣ್ಣೆ ಪಂಪು, ನೀರಿನ ಪಂಪು ಎಲ್ಲವೂ ತಮ್ಮ ಪಾಲು ಕೇಳುತ್ತವೆ. ಈ ನಷ್ಟಗಳನ್ನೆಲ್ಲ ಕೂಡಿಸಿ, ಅವು ಪಿಸ್ಟನ್ನಿನ ಮೇಲೆ ಎದುರಾಗಿ ಒತ್ತುವ ಒಂದು ಸರಾಸರಿ ಒತ್ತಡ ಎಂದು ಎಂಜಿನಿಯರುಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಾಧಾರಣ ಡೀಸೆಲ್ ಎಂಜಿನ್ನಿನಲ್ಲಿ ಈ ಘರ್ಷಣಾ ಒತ್ತಡ ನಿಮಿಷಕ್ಕೆ 1500 ಸುತ್ತಿನಲ್ಲಿ ಸುಮಾರು 1.5 ಬಾರ್, 2700ರ ಹತ್ತಿರ ಸುಮಾರು 2.3 ಬಾರ್. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಸುತ್ತು ಹೆಚ್ಚಾದಾಗ ಪ್ರತಿ ಸುತ್ತಿನ ನಷ್ಟವೂ ಹೆಚ್ಚುತ್ತದೆ, ಸೆಕೆಂಡಿಗೆ ಆಗುವ ಸುತ್ತುಗಳ ಸಂಖ್ಯೆಯೂ ಹೆಚ್ಚುತ್ತದೆ. ಹೀಗಾಗಿ ಘರ್ಷಣೆ ನುಂಗುವ ಸಾಮರ್ಥ್ಯ ಸುತ್ತಿಗಿಂತ ವೇಗವಾಗಿ ಏರುತ್ತದೆ.

ಲೆಕ್ಕಕ್ಕಾಗಿ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳೋಣ. ಜನ, ಸಾಮಾನು ಸೇರಿ ತೂಕ 2000 ಕಿ.ಗ್ರಾಂ. ಎಂಜಿನ್ 2.2 ಲೀಟರ್ ಡೀಸೆಲ್. ಟೈರಿನ ಸುತ್ತಳತೆ 2.2 ಮೀಟರ್. ಹಿಂದಿನ ಡಿಫರೆನ್ಷಿಯಲ್ ಅನುಪಾತ 4. ಗೇರಿನ ಅನುಪಾತಗಳು ಮೂರನೆಯದು 1.5, ನಾಲ್ಕನೆಯದು 1, ಐದನೆಯದು 0.8. ಉರುಳು ಘರ್ಷಣೆಯ ಗುಣಾಂಕ 0.013. ಗಾಳಿಯ ಸೆಳೆತ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣಗಳ ಗುಣಲಬ್ಧ 1.2 ಚದರ ಮೀಟರ್. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಇಲ್ಲಿಯ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.07 ಕಿ.ಗ್ರಾಂ. (ಪುಸ್ತಕದಲ್ಲಿರುವ 1.2 ಅನ್ನು ಕಣ್ಣು ಮುಚ್ಚಿ ಹಾಕಬಾರದು.)

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಉರುಳು ಘರ್ಷಣೆ ಸುಮಾರು 255 ನ್ಯೂಟನ್, ಗಾಳಿಯ ಪ್ರತಿರೋಧ 178 ನ್ಯೂಟನ್, ಒಟ್ಟು 433. ಚಕ್ರಕ್ಕೆ ಬೇಕಾದ ಸಾಮರ್ಥ್ಯ 7.2 ಕಿಲೋವ್ಯಾಟ್, ಗೇರುಗಳಲ್ಲಿ ಹತ್ತನೇ ಒಂದು ಪಾಲು ಕಳೆಯುವುದರಿಂದ ಎಂಜಿನ್ ಕೊಡಬೇಕಾದದ್ದು 8 ಕಿಲೋವ್ಯಾಟ್. ಯಾವ ಗೇರಿನಲ್ಲಿದ್ದರೂ ಈ 8 ಬದಲಾಗದು. ಬದಲಾಗುವುದು ಎಂಜಿನ್ ತನ್ನೊಳಗೇ ಕಳೆದುಕೊಳ್ಳುವ ಭಾಗ. ಐದನೇ ಗೇರಿನಲ್ಲಿ 1455 ಸುತ್ತು, ಒಳನಷ್ಟ 4 ಕಿಲೋವ್ಯಾಟ್. ನಾಲ್ಕನೆಯದರಲ್ಲಿ 1820 ಸುತ್ತು, ನಷ್ಟ 5.8. ಮೂರನೆಯದರಲ್ಲಿ 2730 ಸುತ್ತು, ನಷ್ಟ 11.5, ಅಂದರೆ ಗಾಡಿ ಎಳೆಯುವುದಕ್ಕಿಂತ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಎಂಜಿನ್ ಹೆಚ್ಚು ದುಡಿಯುತ್ತಿದೆ! ಸಿಲಿಂಡರಿನೊಳಗೆ ಉರಿದ ಇಂಧನದ ಶಾಖದಲ್ಲಿ ಶೇ. 42 ಭಾಗ ಪಿಸ್ಟನ್ನಿನ ಮೇಲೆ ಕೆಲಸವಾಗುತ್ತದೆ, ಲೀಟರ್ ಡೀಸೆಲ್ಲಿನಲ್ಲಿ 36 ಮೆಗಾಜೂಲ್ ಶಕ್ತಿ ಇದೆ ಎಂದು ಹಿಡಿದರೆ, ಲೀಟರಿಗೆ ಕ್ರಮವಾಗಿ 21, 18, 13 ಕಿ.ಮೀ. ಬರುತ್ತದೆ.

ಸೂತ್ರ ಗೆದ್ದಿತಲ್ಲ ಎಂದು ಓದುಗರು ಹೇಳಬಹುದು. ವೇಗ ಒಂದೇ ಇದ್ದು ಗೇರು ಮಾತ್ರ ಬದಲಾಗುವಾಗ ಸೂತ್ರ ಸರಿಯೇ. ಪೆಟ್ರೋಲ್ ಎಂಜಿನ್ನಿನಲ್ಲಂತೂ ಗಾಳಿಯ ದಾರಿಯನ್ನು ಥ್ರಾಟಲ್ ತಟ್ಟೆ ಅರ್ಧ ಮುಚ್ಚಿರುವುದರಿಂದ, ಅದರ ಮೂಲಕ ಗಾಳಿ ಹೀರುವ ಶ್ರಮವೂ ಸೇರಿ ಪರಿಣಾಮ ಇನ್ನೂ ಎದ್ದು ಕಾಣುತ್ತದೆ.

ಈಗ ಅದೇ ಗಾಡಿಯನ್ನು ಐದನೇ ಗೇರಿನಲ್ಲೇ ಗಂಟೆಗೆ 100 ಕಿ.ಮೀ. ಓಡಿಸಿ. ಮುಳ್ಳು 2430ರ ಹತ್ತಿರ ಬರುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರಿ 495 ನ್ಯೂಟನ್ ಆಗುತ್ತದೆ. ಒಟ್ಟು ಬಲ 750. ಎಂಜಿನ್ 23 ಕಿಲೋವ್ಯಾಟ್ ಕೊಡಬೇಕು, ಒಳನಷ್ಟ 9.4. ಲೆಕ್ಕ ಮುಗಿಸಿದರೆ ಲೀಟರಿಗೆ 13 ಕಿ.ಮೀ. ಮೂರನೇ ಗೇರಿನಲ್ಲಿ 60ರಲ್ಲಿ ಓಡಿಸಿದಾಗ ಬಂದದ್ದೂ ಇದೇ ಹದಿಮೂರು. ಎರಡೂ ಕಡೆ ಮುಳ್ಳು ಎರಡು ಸಾವಿರ ದಾಟಿದೆ, ಎರಡೂ ಕಡೆ ಮೈಲೇಜು ಬಿದ್ದಿದೆ. ಸೂತ್ರವನ್ನು ನಂಬಿದವರು ಎರಡಕ್ಕೂ ಒಂದೇ ಕಾರಣ ಹೇಳುತ್ತಾರೆ.

ಆದರೆ ಎಂಜಿನ್ನಿನ ದಕ್ಷತೆಯನ್ನು ನೋಡಿ. ಮೂರನೇ ಗೇರಿನಲ್ಲಿ 60 ಕಿ.ಮೀ. ಹೋಗುವಾಗ ಇಂಧನದ ಶೇ. 17 ಮಾತ್ರ ಎಂಜಿನ್ನಿನಿಂದ ಹೊರಬಂದಿದೆ. ಐದನೇ ಗೇರಿನಲ್ಲಿ ಅದೇ ವೇಗದಲ್ಲಿ ಶೇ. 28. ನೂರರ ವೇಗದಲ್ಲಿ ಶೇ. 30! ಮೈಲೇಜು ಹದಿಮೂರಕ್ಕೆ ಕುಸಿದಾಗ ಎಂಜಿನ್ ಮೂರರಲ್ಲೂ ಅತ್ಯಂತ ದಕ್ಷವಾಗಿ ಕೆಲಸ ಮಾಡುತ್ತಿತ್ತು. ಒಂದು ಕಡೆ ಎಂಜಿನ್ ಅದಕ್ಷ. ಇನ್ನೊಂದು ಕಡೆ ಎಂಜಿನ್ನಿಗೆ ಹೊರಿಸಿದ ಕೆಲಸವೇ ಕಿಲೋಮೀಟರಿಗೆ ಶೇ. 73ರಷ್ಟು ಹೆಚ್ಚು. ರೋಗಲಕ್ಷಣ ಒಂದೇ, ರೋಗ ಬೇರೆ. ಈ ಎರಡನ್ನು ಬೇರ್ಪಡಿಸಲಾರದ ವರದಿ ಭೌತವಿಜ್ಞಾನದ ವರದಿಯಲ್ಲ ಎಂದೇ ನನ್ನ ಅಭಿಪ್ರಾಯ. ಒಂದೇ ಗೇರಿನಲ್ಲಿ ಆರ್‌ಪಿಎಂ ಮತ್ತು ಗಾಡಿಯ ವೇಗ ಒಟ್ಟಿಗೇ ಏರುತ್ತವೆ. ಅವುಗಳಲ್ಲಿ ಒಂದನ್ನು ಸ್ಥಿರವಾಗಿಡದೆ ಇನ್ನೊಂದರ ಪರಿಣಾಮ ತಿಳಿಯದು ಎಂಬುದು ಪ್ರೌಢಶಾಲೆಯಲ್ಲೇ ಕಲಿಸುವ ಪಾಠ.

ಸೂತ್ರಕ್ಕೆ ಇನ್ನೂ ಗಟ್ಟಿಯಾದ ಪ್ರತ್ಯುದಾಹರಣೆ ಇಳಿಜಾರಿನಲ್ಲಿ ಸಿಗುತ್ತದೆ. ನಮ್ಮದು ಬಹುಮಟ್ಟಿಗೆ ಬಯಲು ಸೀಮೆಯಾದರೂ ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಹತ್ತಿರ ರಸ್ತೆ ಡೋಣಿ ನದಿಯ ಕಡೆಗೆ ಇಳಿಯುತ್ತದೆ. ಗಾಡಿ ಗೇರಿನಲ್ಲಿರುವಾಗ ಎಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇಂದಿನ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನುಗಳಲ್ಲಿ ಆಗ ಡೀಸೆಲ್ ಸಿಂಪಡಿಕೆ ಪೂರ್ತಿ ನಿಲ್ಲುತ್ತದೆ. ಮುಳ್ಳು 2000ದಲ್ಲಿ, ಇಂಧನ ಸೊನ್ನೆ. ಉಳಿತಾಯಕ್ಕೆಂದು ಗೇರು ನ್ಯೂಟ್ರಲ್ಲಿಗೆ ತಂದವರ ಮುಳ್ಳು 800ಕ್ಕೆ ಇಳಿಯುತ್ತದೆ ನಿಜ. ಆದರೆ ಎಂಜಿನ್ ಉಸಿರು ಹಿಡಿದುಕೊಳ್ಳಲು ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ಡೀಸೆಲ್ ಕುಡಿಯುತ್ತಲೇ ಇರುತ್ತದೆ. ನ್ಯಾಯವಾಗಿ ಹೇಳುವುದಾದರೆ ನ್ಯೂಟ್ರಲ್ಲಿನ ಪರವಾಗಿಯೂ ಒಂದು ವಾದವಿದೆ: ಎಂಜಿನ್ನಿನ ಘರ್ಷಣೆ ಗಾಡಿಯನ್ನು ಹಿಡಿದೆಳೆಯದ ಕಾರಣ ಅದು ಹೆಚ್ಚು ದೂರ ಉರುಳುತ್ತದೆ. ನಮ್ಮ ಗಾಡಿ ನ್ಯೂಟ್ರಲ್ಲಿನಲ್ಲಿ 60ರ ವೇಗ ಉಳಿಸಿಕೊಳ್ಳಲು 100 ಮೀಟರಿಗೆ 2.2 ಮೀಟರ್ ಇಳಿಜಾರು ಸಾಕು. ಐದನೇ ಗೇರಿನಲ್ಲಿ 3.4 ಮೀಟರ್ ಬೇಕು. ಇಳಿಜಾರು ಅದಕ್ಕಿಂತ ಕಡಿದಾದರೆ ನ್ಯೂಟ್ರಲ್ಲಿನವರು ಬ್ರೇಕು ಒತ್ತಲೇಬೇಕು. ಉಳಿಸಿದ್ದನ್ನು ಬ್ರೇಕಿನ ಶಾಖಕ್ಕೆ ಕೊಟ್ಟು, ಮೇಲೆ ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡಂತಾಯಿತು. ಕೀಲಿಯನ್ನೇ ತೆಗೆದು ಇಳಿಯುವ ದುಸ್ಸಾಹಸಿಗಳೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ನೆರವು ನಿಲ್ಲುತ್ತದೆ. ಇದು ಮೈಲೇಜಿನ ಪ್ರಶ್ನೆಯೇ ಅಲ್ಲ.

ಹಾಗಾದರೆ ಆರ್‌ಪಿಎಂ ಎಷ್ಟು ಇಳಿಯಬಹುದು? ಮೇಲಿನ ಲೆಕ್ಕದ ಪ್ರಕಾರ ಐದನೇ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ, ಅಂದರೆ 970 ಸುತ್ತಿಗೆ, ಲೀಟರಿಗೆ 26 ಕಿ.ಮೀ. ದಾಟಬೇಕು. ಅಲ್ಲಿ ಲೆಕ್ಕವನ್ನು ನಂಬಬಾರದು. ಶೇ. 42 ಎಂಬ ಸಂಖ್ಯೆ ಸ್ಥಿರ ಎಂದು ನಾವು ಹಿಡಿದಿದ್ದೆವು. ಸುತ್ತು ತೀರ ಕಡಿಮೆಯಾದಾಗ ಬಿಸಿ ಅನಿಲಕ್ಕೆ ಗೋಡೆಗೆ ಶಾಖ ಬಿಟ್ಟುಕೊಡಲು ಹೆಚ್ಚು ಸಮಯ ಸಿಗುತ್ತದೆ, ಟರ್ಬೊ ಸಾಕಷ್ಟು ಗಾಳಿ ತುಂಬುವುದಿಲ್ಲ. ಸ್ವಲ್ಪ ಏರು ಬಂದು ಕಾಲು ಒತ್ತಿದರೆ ಹೊಗೆ, ನಡುಕ, ಗುದ್ದು.

ಇಲ್ಲಿ 'ಗರಿಷ್ಠ ಟಾರ್ಕ್ ಇರುವ ಆರ್‌ಪಿಎಂನಲ್ಲೇ ಗರಿಷ್ಠ ಮೈಲೇಜು' ಎಂಬ ಇನ್ನೊಂದು ನಂಬಿಕೆ ಎದುರಾಗುತ್ತದೆ. 120 ಅಶ್ವಶಕ್ತಿಯ 2.2 ಲೀಟರ್ ಎಂಜಿನ್ ಹೊತ್ತ ಸ್ಕಾರ್ಪಿಯೊಗೆ ತಯಾರಕರು ಹೇಳಿದ್ದು 1800ರಿಂದ 2800 ಸುತ್ತಿನ ನಡುವೆ 290 ನ್ಯೂಟನ್-ಮೀಟರ್. ಇದು ಕಾಲು ಪೂರ್ತಿ ಒತ್ತಿದಾಗಿನ ಸಂಖ್ಯೆ. 60ರಲ್ಲಿ ಸಾವಕಾಶ ಹೋಗುವ ನಮ್ಮ ಗಾಡಿ ಕೇಳುವುದು ಬರೀ 52 ನ್ಯೂಟನ್-ಮೀಟರ್. ಎಂಜಿನ್ ಅತ್ಯಂತ ದಕ್ಷವಾಗುವುದು ಆ ಸುತ್ತುಗಳ ಆಸುಪಾಸಿನಲ್ಲಿ, ಆದರೆ ಸಾಕಷ್ಟು ಹೊರೆ ಬಿದ್ದಾಗ ಮಾತ್ರ. ಆರನೇ ಒಂದು ಪಾಲಿಗಿಂತ ತುಸು ಹೆಚ್ಚಿನ ಹೊರೆಗೆ ಆ ಸಂಖ್ಯೆ ಮಾರ್ಗದರ್ಶಿಯಲ್ಲ. ಹೌದು, ಇನ್ನೊಂದು ಕಡೆ ಅದು ಬೇಕು. ಬಬಲೇಶ್ವರದ ರಸ್ತೆಯಲ್ಲಿ ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರನ್ನು ದಾಟುವಾಗ ಐದನೇ ಗೇರಿನ 1455 ಸುತ್ತಿನಲ್ಲಿ ಎಂಜಿನ್ 44 ಕಿಲೋವ್ಯಾಟಿಗಿಂತ ಕಡಿಮೆ ಕೊಡಬಲ್ಲದು. ಮೂರನೆಯದಕ್ಕೆ ಇಳಿಸಿದರೆ 83. ಹಾಗೆ ಎಂಟು ಸೆಕೆಂಡು ಪೂರ್ತಿ ಒತ್ತಿದರೂ ಖರ್ಚಾಗುವ ಡೀಸೆಲ್ ಸುಮಾರು 50 ಮಿಲಿ ಲೀಟರ್. ಅಷ್ಟು ಡೀಸೆಲ್ಲಿಗಾಗಿ ಮುಳ್ಳನ್ನು ನೋಡುತ್ತ ಎದುರಿನ ಲಾರಿಯನ್ನು ಕಾಯುವುದು ಯಾವ ಮಿತವ್ಯಯ?

ಇನ್ನು ಪ್ರಯೋಗಗಳ ವಿಷಯ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವುದು ಹೀಗೆ: ವಿಜಯಪುರದಲ್ಲಿ ಟ್ಯಾಂಕು ತುಂಬಿಸಿ, ಸುಮಾರು 20 ಕಿ.ಮೀ. ದೂರದ ತಿಕೋಟಾಕ್ಕೆ ಹೋಗಿ ಬಂದು, ಮತ್ತೆ ತುಂಬಿಸುವುದು. ನಲವತ್ತು ಕಿ.ಮೀ.ಗೆ ಖರ್ಚು ಸುಮಾರು ಎರಡು ಲೀಟರ್. ಬಂಕಿನ ನಳಿಕೆ ತಾನಾಗಿ ನಿಲ್ಲುವುದರಲ್ಲೇ, ಗಾಡಿ ನಿಂತ ನೆಲದ ವಾಲಿಕೆಯಿಂದಲೇ, ಅರ್ಧ ಲೀಟರ್ ಹೆಚ್ಚುಕಡಿಮೆ ಆಗಬಹುದು. ಅದು ಶೇ. 25ರ ದೋಷ. ನಾಲ್ಕನೇ ಮತ್ತು ಐದನೇ ಗೇರಿನ ನಡುವಿನ ವ್ಯತ್ಯಾಸ ಇರುವುದೇ ಸುಮಾರು ಶೇ. 15! ದೋಷವನ್ನು ಶೇ. 5ಕ್ಕೆ ಇಳಿಸಬೇಕಾದರೆ ಕನಿಷ್ಠ 10 ಲೀಟರ್ ಉರಿಯಬೇಕು, ಅಂದರೆ ತಿಕೋಟಾಕ್ಕೆ ಐದು ಸಲ ಹೋಗಿ ಬರಬೇಕು. ವರದಿಯಲ್ಲಿ ಮಾತ್ರ 18.47 ಎಂದು ಎರಡು ದಶಮಾಂಶ ಸ್ಥಾನಗಳು ಮಿಂಚುತ್ತಿರುತ್ತವೆ.

ಗಾಳಿಯದು ಬೇರೆಯೇ ಕಥೆ. ತಿಕೋಟಾ ವಿಜಯಪುರದ ನೇರ ಪಶ್ಚಿಮಕ್ಕಿದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬೀಸುವುದೂ ಪಶ್ಚಿಮದಿಂದಲೇ. ಬಯಲಿನಲ್ಲಿ ಅದನ್ನು ತಡೆಯುವ ಗುಡ್ಡ, ಕಾಡು ಇಲ್ಲ. ಸೆಕೆಂಡಿಗೆ 5 ಮೀಟರಿನ ಎದುರು ಗಾಳಿಯಿದ್ದರೆ 60ರ ವೇಗದಲ್ಲಿ ಒಟ್ಟು ಪ್ರತಿರೋಧ 433ರಿಂದ 556 ನ್ಯೂಟನ್‌ಗೆ ಏರುತ್ತದೆ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಂದು 342ಕ್ಕೆ ಇಳಿಸುತ್ತದೆ. ಹೋಗುವಾಗ ನಾಲ್ಕನೇ ಗೇರು, ಬರುವಾಗ ಐದನೇ ಗೇರು ಬಳಸಿ 'ಗೇರಿನ ಪರಿಣಾಮ' ಅಳೆದವರು ಅಳೆದದ್ದು ಮುಂಗಾರನ್ನು. ಹೋಗುವುದು ಬರುವುದು ಎರಡರ ಸರಾಸರಿ ತೆಗೆದರೂ ನಷ್ಟ ಪೂರ್ತಿ ಸರಿದೂಗದು, ಏಕೆಂದರೆ ವರ್ಗದ ನಿಯಮದಲ್ಲಿ ಏರಿಕೆ ಇಳಿಕೆಗಿಂತ ದೊಡ್ಡದು.

ಎರೆಮಣ್ಣನ್ನೂ ಲೆಕ್ಕಕ್ಕೆ ತರಬೇಕು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ನೆಲದ ಮೇಲಿನ ರಸ್ತೆ ಅಲೆಅಲೆಯಾಗುತ್ತದೆ. ತಗ್ಗು ಕಂಡಲ್ಲಿ ಚಾಲಕ 60ರಿಂದ 20ಕ್ಕೆ ಇಳಿಸಿ ಮತ್ತೆ ಏರಿಸುತ್ತಾನೆ. ಪ್ರತಿ ಸಲ ಬ್ರೇಕಿನಲ್ಲಿ ಕಳೆಯುವ ಚಲನಶಕ್ತಿ 0.25 ಮೆಗಾಜೂಲ್, ಡೀಸೆಲ್ ಲೆಕ್ಕದಲ್ಲಿ ಸುಮಾರು 27 ಮಿಲಿ ಲೀಟರ್. ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಬಹುದಾದಷ್ಟು ಶಕ್ತಿ ಒಂದು ತಗ್ಗಿಗೆ ಹೋಯಿತು. ಇದಾವುದೂ ಆರ್‌ಪಿಎಂ ಮುಳ್ಳಿನಲ್ಲಿ ಕಾಣುವುದಿಲ್ಲ. ಪ್ರಯೋಗಶಾಲೆಯ ಉರುಳೆಗಳ ಮೇಲೆ, ಏ.ಸಿ. ಹಾಕದೆ, ಗರಿಷ್ಠ 90 ಕಿ.ಮೀ. ವೇಗದ ನಿಗದಿತ ಚಕ್ರದಲ್ಲಿ ಪಡೆದ ಅಧಿಕೃತ ಮೈಲೇಜಿನಲ್ಲೂ ಕಾಣುತ್ತಿರಲಿಲ್ಲ.

ಸೂತ್ರ ಹೀಗೆ ಬೇರೂರಲು ನಮ್ಮ ಬೋಧನೆಯೂ ಕಾರಣ. ಪಿಯುಸಿಯಲ್ಲಿ ಕಾರ್ನೋ ಎಂಜಿನ್ನಿನ ದಕ್ಷತೆಯನ್ನು ಎರಡು ತಾಪಗಳಿಂದ ಲೆಕ್ಕ ಹಾಕಿಸುತ್ತೇವೆ. ಅದರಲ್ಲಿ ಘರ್ಷಣೆ ಇಲ್ಲ, ಸಮಯವೇ ಇಲ್ಲ. ಹಾಗಾಗಿ ಸುತ್ತಿನ ವೇಗದ ಪ್ರಶ್ನೆ ಏಳುವುದೇ ಇಲ್ಲ. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕದಿಂದ 2022ರ ಪಠ್ಯ ಕಡಿತದಲ್ಲಿ ಉಷ್ಣ ಎಂಜಿನ್ನುಗಳ ಭಾಗವನ್ನು ತೆಗೆದು ಕಾರ್ನೋ ಎಂಜಿನ್ನನ್ನು ಉಳಿಸಿಕೊಂಡದ್ದು ವಿಚಿತ್ರ ಆಯ್ಕೆ. ಮನೆಯ ಮುಂದೆ ನಿಂತ ಎಂಜಿನ್ ಬಿಟ್ಟು ಎಲ್ಲಿಯೂ ಇಲ್ಲದ ಎಂಜಿನ್ ಕಲಿಸುವುದಾದರೆ, ಇರುವ ಎಂಜಿನ್ನಿನ ಬಗ್ಗೆ ಹುಡುಗರು ಗ್ಯಾರೇಜಿನಲ್ಲೇ ಕೇಳಿ ತಿಳಿಯಬೇಕಾಗುತ್ತದೆ.

ತರಗತಿಗೆ ಒಂದು ಲೆಕ್ಕ: ಇದೇ ಗಾಡಿ, ಐದನೇ ಗೇರು, ಗಂಟೆಗೆ 80 ಕಿ.ಮೀ., ಘರ್ಷಣಾ ಒತ್ತಡ 1.8 ಬಾರ್. ಉತ್ತರ ಲೀಟರಿಗೆ 16 ಕಿ.ಮೀ.ನ ಆಸುಪಾಸಿನಲ್ಲಿ ಬರಬೇಕು. ನಂತರ ಸೆಕೆಂಡಿಗೆ 5 ಮೀಟರಿನ ಎದುರು ಗಾಳಿ ಸೇರಿಸಿ ಮತ್ತೊಮ್ಮೆ ಮಾಡಿಸಿ.