ಶುಶ್ರೂಷೆಯೂ ಸ್ಮರಣೆಯೂ

ಸಂಸ್ಕೃತದಲ್ಲಿ ‘ಶುಶ್ರೂಷಾ’ ಎಂಬ ಶಬ್ದಕ್ಕೆ ಮೂಲಾರ್ಥ ಸೇವೆಯಲ್ಲ, ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಲು ಬಳಿಯಲ್ಲಿ ಕುಳಿತವನು ಆತನ ಪರಿಚರ್ಯೆಯನ್ನೂ ಮಾಡುವವನಾದುದರಿಂದ ಶಬ್ದಕ್ಕೆ ಸೇವೆಯೆಂಬ ಅರ್ಥವು ಸೇರಿತು. ರೋಗಿಯ ಆರೈಕೆಗೂ ಅದೇ ಹೆಸರು ನಿಂತಿತು. ಈ ಕೆಲಸದಲ್ಲಿ ನಿಂತ ಹೆಂಗಸನ್ನು ಕನ್ನಡದ ಜನರು ದಾದಿಯೆಂದು ಕರೆದರು, ನರ್ಸಮ್ಮನೆಂದು ಕರೆದರು. ಸರ್ಕಾರದ ಕಾಗದಪತ್ರಗಳು ಈಗ ಶುಶ್ರೂಷಾಧಿಕಾರಿಯೆನ್ನುತ್ತವೆ. ಹೆಸರೇನೋ ಬೆಳೆಯಿತು. ಆದರೆ ಇರುಳೆಲ್ಲ ಪರರ ನರಳಿಕೆಯನ್ನು ಕೇಳಿದವಳ ಮಾತನ್ನು ಕೇಳಬೇಕೆಂಬ ಇಚ್ಛೆ ಸಾಹಿತ್ಯಲೋಕದಲ್ಲಿ ಎಷ್ಟುಮಟ್ಟಿಗೆ ಬೆಳೆದಿದೆ?

ಕನ್ನಡದಲ್ಲಿ ಕವಿಗಳ, ರಾಜಕಾರಣಿಗಳ, ನಟರ ಆತ್ಮಕಥೆಗಳಿಗೆ ಕೊರತೆಯಿಲ್ಲ. ವೈದ್ಯರೂ ಬರೆದಿದ್ದಾರೆ, ಅನುಪಮಾ ನಿರಂಜನರು ತಮ್ಮ ವೃತ್ತಿಯ ಅನುಭವವನ್ನು ಕಾದಂಬರಿಗಳಿಗೆ ತಂದು ಓದುವ ಮನೆಗಳಿಗೆಲ್ಲ ಪರಿಚಿತರಾದರು. ವೈದ್ಯನು ರೋಗಿಯ ಮಂಚದ ಬಳಿ ನಿಲ್ಲುವುದು ಕೆಲವು ನಿಮಿಷ. ದಾದಿಯು ನಿಲ್ಲುವುದು ಇಡೀ ಹಗಲು, ಇಲ್ಲವೆ ಇಡೀ ರಾತ್ರಿ. ಹೀಗಿದ್ದೂ ಆಕೆಯ ಬರಹವೇ ಅತ್ಯಂತ ವಿರಳ. ಇದಕ್ಕೆ ಆಕೆಯ ದುಡಿಮೆಯ ಭಾರವೊಂದೇ ಕಾರಣವಲ್ಲ. ಆಕೆಯನ್ನು ಲೋಕವು ಹೊಗಳುವ ರೀತಿಯಲ್ಲಿಯೂ ಒಂದು ಕಾರಣವುಂಟು.

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಮತ್ತೆ ನಾಲ್ಕು ಗುಣಗಳನ್ನು ವಿಧಿಸಿದೆ: ಉಪಚಾರದ ಜ್ಞಾನ, ದಾಕ್ಷ್ಯ, ಅನುರಾಗ, ಶೌಚ. ಲೋಕವಾದರೋ ಇವುಗಳಲ್ಲಿ ಅನುರಾಗವೊಂದನ್ನೇ ಹಿಡಿದು ಮಿಕ್ಕ ಮೂರನ್ನು ಮರೆತಿದೆ. ಕರುಣಾಮಯಿ, ಮಾತೃಸ್ವರೂಪಿಣಿ, ದೇವತೆ ಎಂದು ಸಭೆಗಳಲ್ಲಿ ಹಾರ ಹಾಕುವುದುಂಟು. ದೇವತೆಗೆ ಕಾಲುನೋವು ಬರುವುದಿಲ್ಲ; ಸಂಬಳ ಸಾಲದೆ ಹೋಗುವುದಿಲ್ಲ; ಪಾಠ ಕಲಿಯಬೇಕಾದದ್ದೂ ಇರುವುದಿಲ್ಲ. ಆದ್ದರಿಂದ ದೇವತೆಗೆ ಆತ್ಮಕಥೆಯೂ ಇಲ್ಲ. ದಾದಿಯ ನೆನಪುಗಳನ್ನು ವಿಮರ್ಶಿಸುವವರು ಈ ನಾಲ್ಕು ಗುಣಗಳನ್ನೇ ಒರೆಗಲ್ಲಾಗಿ ಇಟ್ಟುಕೊಂಡರೆ ಯಾವುದು ಸಾಹಿತ್ಯ, ಯಾವುದು ಬರಿಯ ಸನ್ಮಾನಪತ್ರ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲನೆಯದು ಜ್ಞಾನ. ಫ್ಲಾರೆನ್ಸ್ ನೈಟಿಂಗೇಲಳು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ಮಂದಿ ವಿದ್ಯಾರ್ಥಿನಿಯರೊಡನೆ ಶಾಲೆಯನ್ನು ತೆರೆಯಿಸಿದಳು. ಅದಕ್ಕೆ ಸ್ವಲ್ಪ ಮುಂಚೆ ಆಕೆ ಬರೆದ ಶುಶ್ರೂಷೆಯ ಕೈಪಿಡಿಯಲ್ಲಿ ಗಾಳಿ, ಬೆಳಕು, ಹಾಸಿಗೆ, ಆಹಾರ ಇವುಗಳಿಗೆ ಅಧ್ಯಾಯಗಳಿವೆ; ರೋಗಿಯನ್ನು ಗಮನಿಸುವ ಬಗೆಗೆ ಒಂದು ಅಧ್ಯಾಯವಿದೆ; ನೋಡಬಂದವರು ಹುಸಿ ಧೈರ್ಯ ಹೇಳಿ ರೋಗಿಯನ್ನು ದಣಿಸುವುದನ್ನು ಖಂಡಿಸುವುದಕ್ಕೇ ಇನ್ನೊಂದು ಅಧ್ಯಾಯವಿದೆ. ಕಂಡದ್ದನ್ನು ಕಂಡಷ್ಟೇ ಹೇಳು, ಊಹೆಯನ್ನು ಬೆರಸಬೇಡ ಎಂಬುದು ಆ ಪುಸ್ತಕದ ಸಾರ. ಒಳ್ಳೆಯ ಗದ್ಯಕ್ಕೆ ಇದಕ್ಕಿಂತ ಉತ್ತಮವಾದ ಪಾಠ ಯಾವುದಿದೆ? ಶುಶ್ರೂಷಾಶಾಲೆಯು ತಿಳಿದೋ ತಿಳಿಯದೆಯೋ ಬರೆವಣಿಗೆಯ ಶಾಲೆಯೂ ಆಗಿದೆ.

ಎರಡನೆಯದು ದಾಕ್ಷ್ಯ. ಅಮೆರಿಕದ ಲೂಯಿಸಾ ಮೇ ಆಲ್ಕಟ್ 1862ರ ಡಿಸೆಂಬರಿನಲ್ಲಿ ಅಂತರ್ಯುದ್ಧದ ಗಾಯಾಳುಗಳ ಸೇವೆಗೆ ವಾಷಿಂಗ್‌ಟನ್ನಿನ ಆಸ್ಪತ್ರೆಯೊಂದಕ್ಕೆ ಹೋದಳು. ಆರು ವಾರಗಳೊಳಗೆ ತಾನೇ ವಿಷಮಜ್ವರದಿಂದ ಮಲಗಿ ಮನೆಗೆ ಮರಳಬೇಕಾಯಿತು. ಮರುವರ್ಷ ಆಕೆ ಪ್ರಕಟಿಸಿದ ಆಸ್ಪತ್ರೆಯ ಚಿತ್ರಗಳಲ್ಲಿ ಉಪದೇಶ ಕಡಿಮೆ, ನೀರು ಸಾಬೂನು ಹೆಚ್ಚು. ಕೆಸರು ಮೆತ್ತಿದ ಅಪರಿಚಿತ ಗಂಡಸರನ್ನು ತೊಳೆಯಬೇಕೆಂಬ ಅಪ್ಪಣೆ ಬಂದಾಗ ತನಗಾದ ದಿಗಿಲನ್ನು ಆಕೆ ಮರೆಮಾಡದೆ, ತನ್ನನ್ನು ತಾನೇ ನಕ್ಕುಕೊಂಡು ಹೇಳುತ್ತಾಳೆ. ಆ ನಗುವಿನಿಂದಲೇ ಸಾವಿನ ಪ್ರಸಂಗಗಳಿಗೆ ತೂಕ ಬಂದಿದೆ. ಆದರೂ ಅದು ಆರು ವಾರಗಳ ಪುಸ್ತಕ. ನಡುಗಿದ ಕೈ ನಡುಗದಂತಾಗುವ ವರುಷಗಳು ಅದರಲ್ಲಿಲ್ಲ. ಕಲಿಕೆಯ ಆರಂಭವುಂಟು, ಪಾಕವಿಲ್ಲ.

ಮೂರನೆಯದು ಅನುರಾಗ. ಇಂಗ್ಲೆಂಡಿನ ವೀರಾ ಬ್ರಿಟನ್ 1915ರಲ್ಲಿ ಆಕ್ಸ್‌ಫರ್ಡಿನ ಓದನ್ನು ಬಿಟ್ಟು ಸ್ವಯಂಸೇವಿಕೆಯಾಗಿ ದಾದಿಯ ಕೆಲಸಕ್ಕೆ ಸೇರಿದಳು. ಆ ವರ್ಷದ ಕೊನೆಗೆ ವಾಗ್ದತ್ತವರನು ಮಡಿದನು. 1918ರಲ್ಲಿ ಒಬ್ಬನೇ ತಮ್ಮನೂ ಹೋದನು. ತಮ್ಮನು ಇನ್ನೂ ರಣರಂಗದಲ್ಲಿದ್ದಾಗಲೇ ಆಕೆ ಫ್ರಾನ್ಸಿನ ಎಟಾಪ್ಲಿನಲ್ಲಿ ಗಾಯಗೊಂಡ ಜರ್ಮನ್ ಸೆರೆಯಾಳುಗಳ ಆರೈಕೆ ಮಾಡಿದಳು. ಶತ್ರುವಿನ ಗಾಯಕ್ಕೆ ಪಟ್ಟಿ ಕಟ್ಟುವ ಕೈಗೆ ಬೇಕಾದ ಅನುರಾಗವು ಮೃದುಭಾವವಲ್ಲ, ಶಿಸ್ತು. ಆಕೆಯ ಗ್ರಂಥವು 1933ರಲ್ಲಿ ಹೊರಬಂದಿತು. ಅದರ ಹೆಚ್ಚಳವಿರುವುದು ಯುದ್ಧದ ನಂತರದ ಭಾಗದಲ್ಲಿ. ಆಕೆ ಮರಳಿ ಆಕ್ಸ್‌ಫರ್ಡಿಗೆ ಹೋದಾಗ ಎಳೆಯ ಸಹಪಾಠಿಗಳಿಗೆ ಆಸ್ಪತ್ರೆಯ ಮಾತು ಬೇಸರ. ಕನ್ನಡಿಯಲ್ಲಿ ತನ್ನ ಮುಖವೇ ವಿಕಾರವಾಗುತ್ತಿರುವಂತೆ ಆಕೆಗೆ ಭ್ರಮೆ. ರೋಗಿಗಳೆಲ್ಲ ಮನೆಗೆ ಹೋದ ಮೇಲೆ ದಾದಿಯ ಗತಿಯೇನೆಂಬ ಪ್ರಶ್ನೆಯನ್ನು ಆ ಪುಸ್ತಕವು ಕೇಳುತ್ತದೆ. ಇಂತಹ ಸ್ಮರಣೆಗಳಲ್ಲಿ ಶಾಲೆಯ ದಿನಗಳು ಉಜ್ಜ್ವಲವಾಗಿಯೂ ಆಮೇಲಿನ ಬಾಳು ಬರಿಯ ವರ್ಗಾವಣೆಗಳ ಪಟ್ಟಿಯಾಗಿಯೂ ಇಳಿದುಬಿಡುವ ಭಯವುಂಟು. ಮೊದಲ ಬಾರಿ ಕಂಡದ್ದು ಮನಸ್ಸಿಗೆ ಕಚ್ಚಿಕೊಳ್ಳುತ್ತದೆ. ದಿನವೂ ಕಂಡದ್ದು ಅಭ್ಯಾಸದಲ್ಲಿ ಮುಳುಗುತ್ತದೆ. ಮುಳುಗಿದ್ದನ್ನು ಮೇಲಕ್ಕೆತ್ತುವುದೇ ಕಲೆ.

ನಾಲ್ಕನೆಯದಾದ ಶೌಚವು ಕನ್ನಡನಾಡಿನ ಮನೆಗಳಿಗೆ ತೀರ ಹತ್ತಿರದ ವಿಷಯ. ಮಡಿಯೂ ಶೌಚವೇ, ದಾದಿಯ ಶುಭ್ರತೆಯೂ ಶೌಚವೇ. ಆದರೆ ಎರಡರ ದಿಕ್ಕು ಬೇರೆ. ಮಡಿಯುಳ್ಳವರು ತಮ್ಮನ್ನು ಕಾಪಾಡಿಕೊಳ್ಳಲು ದೂರ ನಿಲ್ಲುತ್ತಾರೆ. ದಾದಿಯು ಪರರನ್ನು ಶುದ್ಧಗೊಳಿಸಲು ಮಲಮೂತ್ರ ರಕ್ತಗಳನ್ನು ಮುಟ್ಟುತ್ತಾಳೆ. ಕುಲೀನ ಮನೆತನಗಳು ಹೆಣ್ಣುಮಕ್ಕಳನ್ನು ಈ ಶಾಲೆಗಳಿಗೆ ಕಳುಹಿಸಲು ಬಹುಕಾಲ ಹಿಂಜರಿದುದಕ್ಕೆ ಈ ಭೇದವೇ ಒಂದು ಮುಖ್ಯ ಕಾರಣ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಅಂದಿನ ಇಡೀ ದೇಶದಲ್ಲಿ ದಾದಿಯರ ಸಂಖ್ಯೆ ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬಳು. ಆ ವರ್ಷವೇ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯು ಪದವಿಯ ವ್ಯಾಸಂಗವಾಯಿತು.

ಈ ಹಿಂಜರಿಕೆಯ ಆಳವನ್ನು ಕನ್ನಡದಲ್ಲಿ ತೋರಿಸಿದ ಕೃತಿ ದಾದಿಯ ಆತ್ಮಕಥೆಯಲ್ಲ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಮಲೆನಾಡಿನ ಮನೆತನವೊಂದರ ಬಾಲವಿಧವೆಯ ನಿಜಬಾಳನ್ನು ಆಧರಿಸಿದ ಕಾದಂಬರಿಯಿದು. ಮಡಿಯಲ್ಲಿಯೇ ಬಾಳು ಸವೆಸಿದ ಫಣಿಯಮ್ಮ ಅಸ್ಪೃಶ್ಯಳೆನಿಸಿದ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಯಾರಿಗೂ ತಿಳಿಯದಂತೆ ಹೋಗಿ ಬರುತ್ತಾಳೆ. ಲೇಖಕಿ ಇಲ್ಲಿ ವಾದ ಹೂಡುವುದಿಲ್ಲ, ಭಾಷಣ ಮಾಡಿಸುವುದಿಲ್ಲ. ಒಂದು ಶೌಚವು ಇನ್ನೊಂದಕ್ಕೆ ದಾರಿ ಬಿಟ್ಟುಕೊಡುವ ಆ ಗಳಿಗೆಯನ್ನು ಕೆಲಸವಾಗಿಯೇ ತೋರಿಸಿ ಸುಮ್ಮನಾಗುತ್ತಾರೆ. ಆ ಸಂಯಮವೇ ಪ್ರಸಂಗದ ಬಲ. ಫಣಿಯಮ್ಮನಿಗೆ ಶಾಲೆಯಿರಲಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೂ ಇರಲಿಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದರೆಂದು ಹೇಳಲಾಗುವ ಆಕೆಗೆ 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ಡಿಸೆಂಬರಿನಲ್ಲಿ ಆಕೆ ತೀರಿಕೊಂಡರು. ಅಕ್ಷರ ಬಾರದವರ ನೆನಪನ್ನು ಅಕ್ಷರ ಬಲ್ಲವರು ಬರೆದುಕೊಳ್ಳಬೇಕು. ಫಣಿಯಮ್ಮನಿಗೆ ದೊರೆತ ಲೇಖಕಿ ಎಷ್ಟು ಮಂದಿ ಸೂಲಗಿತ್ತಿಯರಿಗೆ ದೊರೆತಾಳು?

ಶಾಲೆಯಲ್ಲಿ ಕಲಿತವರಿಗಾದರೋ ಅಕ್ಷರವಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಹುಡುಗಿಗೆ ಹಳೆಯ ಮೈಸೂರಿನ ದಿನಗಳಲ್ಲಿ ಈ ವಿದ್ಯೆ ಬೇಕಾದರೆ ರೈಲು ಹತ್ತಿ ದೂರದ ಪಟ್ಟಣಕ್ಕೆ ಹೋಗಬೇಕಿತ್ತು; ತರೀಕೆರೆಯವಳು ಬೀರೂರಿನಲ್ಲಿ ಗಾಡಿ ಬದಲಾಯಿಸಬೇಕಿತ್ತು. ಬೆಂಗಳೂರಿನಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, 1935ರ ವಾಣೀವಿಲಾಸ ಆಸ್ಪತ್ರೆಗಳಂತಹ ದೊಡ್ಡ ಕಟ್ಟಡಗಳನ್ನು ಊರ ಹುಡುಗಿಯ ಕಣ್ಣಿನಿಂದ ನೋಡಿದ ಬರಹ ಬೇಕು. ವಸತಿಗೃಹದಲ್ಲಿ ಬೇರೆ ಜಾತಿಯವಳೊಡನೆ ಒಂದೇ ಪಂಕ್ತಿಯಲ್ಲಿ ಕುಳಿತ ಮೊದಲ ಊಟ, ಹಾಸಿಗೆಯ ಮೂಲೆಯನ್ನು ಮಡಿಸುವ ಪಾಠ, ಗಾಜಿನ ಸಿರಿಂಜುಗಳನ್ನು ಕುದಿಸುತ್ತ ಕಳೆದ ಮುಂಜಾವು, ಮೊದಲ ಶವವನ್ನು ಶುಚಿಗೊಳಿಸಿದ ರಾತ್ರಿ, ರಜೆಯಲ್ಲಿ ಮನೆಗೆ ಬಂದಾಗ ಅಜ್ಜಿ ಬಚ್ಚಲಿಗೆ ಕಳುಹಿಸಿದ ಬಗೆ, ವರಾನ್ವೇಷಣೆಯಲ್ಲಿ ರಾತ್ರಿಪಾಳಿಯೆಂಬ ಮಾತು ಬಂದೊಡನೆ ಮುರಿದ ಸಂಬಂಧ: ಇಂತಹವು ಒಬ್ಬಳ ನೆನಪಾಗಿ ಬಂದಾಗ ಒಂದು ನಾಡಿನ ಚರಿತ್ರೆಯೂ ಆಗುತ್ತವೆ. ನಿವೃತ್ತಿಯಾದ ಮೇಲೂ ನಡುರಾತ್ರಿಯಲ್ಲಿ ಕದ ತಟ್ಟುವ ನೆರೆಯವರೂ ಆ ಚರಿತ್ರೆಗೆ ಸೇರಿದವರೇ.

ಹಾಗೆ ಬರೆಯುವವಳು ಒಂದು ಮರ್ಯಾದೆಯನ್ನು ಮಾತ್ರ ಮೀರಕೂಡದು. ರೋಗಿಯು ನಂಬಿ ತೆರೆದ ಮೈಯನ್ನೂ ಮನಸ್ಸನ್ನೂ ಹೆಸರು ಸಹಿತ ಬೀದಿಗೆ ತರುವುದು ಸ್ಮರಣೆಯಲ್ಲ, ದ್ರೋಹ. ಯಾವುದನ್ನು ಹೇಳಬಾರದೆಂಬ ವಿವೇಕವೂ ಆ ಶಾಲೆಯ ಪಾಠಗಳಲ್ಲೊಂದು. ಅದು ಪುಸ್ತಕಕ್ಕೆ ಕುಂದಲ್ಲ, ಘನತೆ.

ಸುಶಿಕ್ಷಿತವಾದ ಎಷ್ಟೋ ಮನೆಗಳಲ್ಲಿ ಇಂತಹ ಅತ್ತೆಯೋ ದೊಡ್ಡಮ್ಮನೋ ಜಗಲಿಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಾಳೆ. ಮಗುವಿಗೆ ಜ್ವರ ಬಂದರೆ ಎಲ್ಲರೂ ಆಕೆಯನ್ನು ಕರೆಯುತ್ತಾರೆ. ಜ್ವರ ಇಳಿದ ಮೇಲೆ ಆಕೆಯ ಬಳಿ ಕುಳಿತುಕೊಳ್ಳುವವರಿಲ್ಲ. ಬರೆಯಲು ಆಕೆಗೆ ಸಂಕೋಚವಿದ್ದರೆ ಓದಿದ ಮೊಮ್ಮಗಳು ಕಾಗದವನ್ನು ಹಿಡಿಯಬಹುದು. ಬಳಿ ಕುಳಿತು, ಅವಸರಿಸದೆ, ಹುಸಿ ಹೊಗಳಿಕೆ ಬೆರಸದೆ ಕೇಳುವುದಷ್ಟೇ ಬೇಕಾದದ್ದು. ಅದಕ್ಕೂ ಹೆಸರು ಶುಶ್ರೂಷೆಯೇ.