ಬರಿ, ಗೋತ್ರ ಮತ್ತು ಒಂದು ನಮೂನೆ: ಕಾಸರಗೋಡಿನ ಮನೆತನ ಪುಸ್ತಕಗಳನ್ನು ಓದುವ ಬಗೆ

ಧ್ವನಿ ಕೇಳಿಸ್ತಾ ಉಂಟು ಅಂದ್ಕೊಂಡು ಶುರು ಮಾಡ್ತೇನೆ.

ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ, ಊರು ಮಂಜೇಶ್ವರ ತಾಲೂಕು. ನಮ್ಮೂರಿನಲ್ಲಿ ಏಳೆಂಟು ಜನ ಸೇರಿ ಸ್ಥಳೀಯ ಚರಿತ್ರೆ, ವಂಶಾವಳಿ ಸಂಗ್ರಹಿಸುವ ಒಂದು ಸಣ್ಣ ಬಳಗ ನಡೆಸುತ್ತಿದ್ದೇವೆ. ಸಂಬಳವಿಲ್ಲ, ಕಚೇರಿಯಿಲ್ಲ. ತಿಂಗಳಿಗೊಂದು ಭಾನುವಾರ ವಾಚನಾಲಯದ ಜಗಲಿಯಲ್ಲಿ ಸೇರುವುದು, ಹಳೆಯ ಪಾಲುಪಟ್ಟಿ, ಗೇಣಿಚೀಟುಗಳ ಫೋಟೋ ತೆಗೆಯುವುದು, ಹಿರಿಯರ ಮಾತು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು. ಯಾವುದಾದರೂ ಕುಟುಂಬ ಖರ್ಚು ವಹಿಸಿಕೊಂಡರೆ ಒಂದು ಪುಸ್ತಕ.

ಇಂಥ ಪುಸ್ತಕಗಳನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ತರವಾಡು ಮನೆಯ ನೇಮದ ದಿನ ಬಿಡುಗಡೆಯಾಗ್ತವೆ, ಒಬ್ಬೊಬ್ಬರು ಒಂದೊಂದು ಪ್ರತಿ ಒಯ್ಯುತ್ತಾರೆ, ಅಲ್ಲಿಗೆ ಮುಗೀತು. ಆದರೆ ಇವೂ ಪಠ್ಯಗಳೇ. ಇವಕ್ಕೂ ಒಂದು ರೂಪ ಇದೆ, ಆ ರೂಪವೇ ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನಿಸುತ್ತದೆ. ಇದು ನನಗೆ ತರಗತಿಯಲ್ಲಿ ತಿಳಿದದ್ದಲ್ಲ, ನಾವೇ ಮಾಡಿದ ಒಂದು ತಪ್ಪಿನಿಂದ ತಿಳಿದದ್ದು.

ನಮ್ಮ ನಮೂನೆಯನ್ನು ಘಟ್ಟದ ಮೇಲಿನ ಒಂದು ವಂಶಾವಳಿ ನೋಡಿಕೊಂಡು ಮಾಡಿದ್ದೆವು. ಮೊದಲ ಸಾಲು ‘ತಂದೆಯ ಹೆಸರು’, ಎರಡನೆಯದು ‘ಗೋತ್ರ’. ಬಂಟ ಕುಟುಂಬದವರು ಗೋತ್ರದ ಜಾಗದಲ್ಲಿ ತಮ್ಮ ಬರಿಯನ್ನು ಬರೆದುಕೊಟ್ಟರು. ಗೋತ್ರ ಅಪ್ಪನಿಂದ ಬರುವಂಥದ್ದು, ಬರಿ ತಾಯಿಯಿಂದ ಬರುವಂಥದ್ದು. ನಾವು ಅಪ್ಪನ ಬರಿಯನ್ನೇ ಮಕ್ಕಳಿಗೂ ಹಚ್ಚಿ ಮರ ಬಿಡಿಸಿದೆವು. ಪುಸ್ತಕ ಬಂದ ಮೇಲೆ ಒಂದು ಮದುವೆಯ ಮಾತುಕತೆ ನಿಂತುಹೋಯಿತು. ಹುಡುಗನ ಕಡೆಯವರು ನಮ್ಮ ಪುಟ ನೋಡಿ ‘ಒಂದೇ ಬರಿ, ಆಗುವುದಿಲ್ಲ’ ಅಂದಿದ್ದರು. ಹುಡುಗಿಯ ದೊಡ್ಡಮ್ಮ ನನಗೆ ಫೋನ್ ಮಾಡಿ, “ನೀವು ಹೆಣ್ಣನ್ನು ಅಪ್ಪನ ಮನೆಗೆ ಹುಟ್ಟಿಸಿಬಿಟ್ಟಿರಲ್ಲ ಮಗಾ” ಅಂದರು. ನಮ್ಮ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ ಅದು, ಅತ್ಯುತ್ತಮ ವಿಮರ್ಶೆಯೂ ಅದೇ.

ಅಳಿಯಸಂತಾನದ ಮನೆಯಲ್ಲಿ ಕವಲು ಒಡೆಯುವುದು ಹೆಂಗಸಿನಿಂದ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಅಂಥ ಕವಲನ್ನು ‘ಕವರು’ ಎನ್ನುತ್ತದೆ. ಬರೀ ಗಂಡಸರು ಉಳಿದ ಕವರು ಅದರ ಲೆಕ್ಕದಲ್ಲಿ ‘ನಿಸ್ಸಂತತಿ’. ಅಂದರೆ ಹತ್ತು ಮಕ್ಕಳ ತಂದೆಯೂ ತನ್ನ ಮನೆಗೆ ಸಂತತಿ ಇಲ್ಲದವನೇ. ಆ ಮಕ್ಕಳು ಹೆಂಡತಿಯ ಮನೆಯವರು. ಕೇರಳದ 1975ರ ಕಾಯಿದೆ ಕೂಡುಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು. ಆದರೂ ದೈವದ ಕಾರ್ಯಕ್ಕೆ, ಮದುವೆಗೆ ಜನ ಇವತ್ತಿಗೂ ಬರಿ ಕೇಳುತ್ತಾರೆ. ಕಾನೂನು ಬಿಟ್ಟರೂ ನೆನಪು ಬಿಡದೆ ಉಳಿಸಿಕೊಂಡದ್ದನ್ನು ನಮ್ಮ ನಮೂನೆ ಒಂದೇ ಸಾಲಿನಲ್ಲಿ ಅಳಿಸಿತ್ತು.

ಹಾಗಾದರೆ ಅಪ್ಪನಿಂದ ಮಗನಿಗೆ ಹೋಗುವ ಮನೆಗಳಿಗೆ ಈ ಮರ ಸರಿಯಾಗುತ್ತದಾ? ಕಾರಂತರ ‘ಮರಳಿ ಮಣ್ಣಿಗೆ’ (1941) ನೆನಪಿಸಿಕೊಳ್ಳಿ. ಆ ಮನೆಯ ವಂಶವೃಕ್ಷ ಬರೆದರೆ ಮೂರೇ ಹೆಸರು: ರಾಮ ಐತಾಳ, ಲಚ್ಚ, ರಾಮ. ಪಾರೋತಿಯ ಪಕ್ಕದಲ್ಲಿ ‘ಮಕ್ಕಳಿಲ್ಲ’ ಅಂತ ಬೀಳುತ್ತದೆ. ವಿಧವೆ ತಂಗಿ ಸರಸೋತಿ ಒಂದು ಮೋಟು ಗೆರೆ. ನಾಗವೇಣಿ ‘ಲಚ್ಚನ ಪತ್ನಿ’. ಆದರೆ ಕಾದಂಬರಿ ಓದಿದವರಿಗೆ ಗೊತ್ತು, ಆ ಮನೆ ನಿಂತದ್ದು ಈ ಮೂವರು ಹೆಂಗಸರ ಬೆನ್ನಿನ ಮೇಲೆ. ಮರಕ್ಕೆ ಕಾಣಿಸದ್ದು ಕಾದಂಬರಿಗೆ ಕಾಣಿಸಿತು, ಯಾಕೆಂದರೆ ಕಾರಂತರು ಹೇಳಹೊರಟದ್ದು ವಂಶವನ್ನಲ್ಲ, ಮನೆಯನ್ನು.

ಇನ್ನು ಈ ಪುಸ್ತಕಗಳ ವಾಕ್ಯರಚನೆ ನೋಡಿ. ‘ಮನೆತನಕ್ಕೆ ನೂರಾರು ಮುಡಿ ಅಕ್ಕಿ ಗೇಣಿ ಬರುತ್ತಿತ್ತು’ ಅನ್ನುವಂಥ ಮಾತನ್ನು ನಾನೇ ತಿದ್ದಿ ಅಚ್ಚಿಗೆ ಕಳಿಸಿದ್ದೇನೆ. ಮುಡಿಗೆ ಕಾಲಿಲ್ಲ, ಅದು ತಾನಾಗಿ ಬರುವುದಿಲ್ಲ. ಚಾಲಗೇಣಿ ಒಕ್ಕಲು ತಲೆಯ ಮೇಲೆ ಹೊತ್ತು ತಂದದ್ದು. ಇನ್ನೊಂದು ಪುಟದಲ್ಲಿ ‘ಭೂಮಸೂದೆಯಲ್ಲಿ ಭೂಮಿ ಹೋಯಿತು’ ಅಂತ ಬರುತ್ತದೆ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡಾಗ ಭೂಮಿ ಎಲ್ಲಿಗೂ ಹೋಗಲಿಲ್ಲ. ಗದ್ದೆಯ ಆಚೆ ಬದಿಯ ಮನೆಯಲ್ಲಿ ಅದೇ ಸಂಗತಿಗೆ ‘ಬಂತು’ ಅಂತಾರೆ. ಎರಡು ಕ್ರಿಯಾಪದಗಳಲ್ಲಿ ಒಂದೇ ಅಚ್ಚಾಗಿದೆ.

ಗಡಿನಾಡಿನವರಾದ ನಮಗೆ ಇಲ್ಲಿ ಇನ್ನೊಂದು ಆಸೆಯೂ ಸೇರಿಕೊಳ್ಳುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದ 1967ರ ಮಹಾಜನ ವರದಿ ಜಾರಿಯಾಗಲಿಲ್ಲ. ಅಂದಿನಿಂದ ಪ್ರತಿಯೊಂದು ಕನ್ನಡ ದಾಖಲೆಯನ್ನೂ ನಾವು ಸಾಕ್ಷಿಯ ಹಾಗೆ ಎತ್ತಿ ಹಿಡಿಯುತ್ತೇವೆ. ಆ ನೋವು ನನ್ನದೂ ಹೌದು. ನನ್ನ ಚಿಕ್ಕಮ್ಮನ ಮಕ್ಕಳಿಗೆ ಅಜ್ಜನ ಪಾಲುಪಟ್ಟಿ ಓದಲು ಬರುವುದಿಲ್ಲ. ಆದರೆ ಪಾಲುಪಟ್ಟಿ ಕನ್ನಡದಲ್ಲಿದ್ದ ಮನೆಯಲ್ಲಿ ಮಾತು ತುಳುವಿನಲ್ಲೋ ಮಲಯಾಳದಲ್ಲೋ ಕೊಂಕಣಿಯಲ್ಲೋ ಮರಾಠಿಯಲ್ಲೋ ನಡೆದಿರುತ್ತದೆ. ಒಬ್ಬ ಅಜ್ಜಿ ತುಳುವಿನಲ್ಲಿ ಹೇಳಿದ ಒಂದು ಗಂಟೆಯ ಮಾತನ್ನು ನಾನು ಅಚ್ಚುಕಟ್ಟಾದ ಒಂದೂವರೆ ಪುಟ ಕನ್ನಡ ಮಾಡಿದೆ. ಓದಿ ಹೇಳಿದಾಗ ಅವರು ನಕ್ಕು, “ಚಂದ ಉಂಟು, ಯಾರದ್ದು ಇದು?” ಅಂತ ಕೇಳಿದರು. ಕನ್ನಡದ ಹಕ್ಕು ಸಾಧಿಸಲು ಹೋಗಿ ಕನ್ನಡದ ಜೊತೆಗೇ ಬಾಳಿದ ಮಾತುಗಳನ್ನು ಒರೆಸಿದರೆ ಉಳಿಯುವುದು ಅರ್ಜಿ, ಚರಿತ್ರೆ ಅಲ್ಲ.

ಈಗ ನಮ್ಮ ನಮೂನೆ ಮನೆಯಿಂದ ಶುರುವಾಗುತ್ತದೆ. ಈ ಮನೆಯಲ್ಲಿ ಯಾರೆಲ್ಲ ಇದ್ದರು? ಅಡುಗೆ ಯಾರದ್ದು? ಗೇಣಿ ತಂದವರು ಯಾರು, ಅವರ ಮನೆ ಎಲ್ಲಿ? ಒಳಗೆ ಯಾವ ಮಾತು, ಅಂಗಳದಲ್ಲಿ ಯಾವ ಮಾತು? ಇದರಿಂದ ನಷ್ಟವೂ ಆಗಿದೆ. ಖರ್ಚು ವಹಿಸಿಕೊಂಡಿದ್ದ ಒಂದು ಕುಟುಂಬ ‘ಒಕ್ಕಲುಗಳ ಹೆಸರು ನಮ್ಮ ಪುಸ್ತಕದಲ್ಲಿ ಯಾಕೆ’ ಅಂತ ಹಿಂದೆ ಸರಿಯಿತು. ಆ ಪುಸ್ತಕ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ.

ಚರ್ಚೆಯಲ್ಲಿ ಒಬ್ಬರು ‘ಹಾಗಾದರೆ ವಂಶವೃಕ್ಷವೇ ಬೇಡವಾ’ ಅಂತ ಕೇಳಿದರು. ಬೇಕು ಸರ್. ಬೇರು ಎಲ್ಲಿದೆ ಅಂತ ಮನೆಯವರನ್ನೇ ಕೇಳಿ ಬಿಡಿಸಬೇಕು ಅಷ್ಟೆ. ಆ ಹಳೆಯ ಪುಸ್ತಕಕ್ಕೆ ನಾವು ಒಂದು ತಿದ್ದೋಲೆ ಅಚ್ಚು ಹಾಕಿಸಿ, ಮನೆಮನೆಗೆ ಹೋಗಿ ಅಂಟಿಸಿ ಬಂದೆವು. ಅಂಟಿಸುವಾಗ ಹೆಚ್ಚುಕಡಿಮೆ ಪ್ರತಿ ಮನೆಯ ಹೆಂಗಸರೂ ಇನ್ನೊಂದು ತಪ್ಪು ತೋರಿಸಿದರು. ಮದುವೆಯ ಮಾತು ಮತ್ತೆ ಕೂಡಿಬಂತು. ಆ ಹೊಸ ತಪ್ಪುಗಳ ಪಟ್ಟಿ ಈಗ ಪುಸ್ತಕಕ್ಕಿಂತ ದಪ್ಪ ಆಗಿದೆ. ನನ್ನ ಕಿರುಪ್ರಬಂಧ ಅದರ ಬಗ್ಗೆಯೇ.